ಬಾಗಿಲಲ್ಲಿ ಕೂತವಳ ಕಾರ್ಡು

ತಾರೀಖು ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕ,

ನಿನಗೂ ಭಾವನಿಗೂ ನಮಸ್ಕಾರ. ನಿನ್ನ ಕಾಗದ ಬಂದು ಐದು ವಾರವಾಯಿತು. ಮೊದಲು ಬೈದುಬಿಡು, ಆಮೇಲೆ ಓದು. ಮೂವತ್ತು ವರ್ಷ ವಾರ್ಡಿನಲ್ಲಿ ಸೂಜಿ ಚುಚ್ಚಿದವಳು ನೀನು, ಬೈಗುಳವನ್ನೂ ಹಾಗೇ ಒಂದೇ ಸಲಕ್ಕೆ ಚುಚ್ಚಿ ಹತ್ತಿ ಒತ್ತುತ್ತೀಯ ಎಂಬ ಧೈರ್ಯದ ಮೇಲೆ ಕೂತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ, ಮುಂದೆ ಹೇಳು" ಎಂದು ಅವಸರ ಮಾಡುತ್ತೀಯ, ನಾನು ಹೇಳಬೇಕಾದದ್ದನ್ನು ಬಿಟ್ಟು ಬೇರೆಲ್ಲ ಹೇಳುತ್ತೇನೆ.

ಭಾವನ ಕಿವಿಯ ಮೆಷಿನ್ನು ಹೊಂದಿಕೊಂಡಿತೇ? ತಮಗೆ ಬೇಕಾದ್ದು ಮಾತ್ರ ಕೇಳಿಸುವ ಹಾಗೆ ಅದನ್ನು ತಿರುಗಿಸಿಕೊಳ್ಳುತ್ತಾರೆ ಎಂದು ನೀನು ಬರೆದಿದ್ದೆ, ಓದಿ ನಕ್ಕೆ. ನಮ್ಮನೆಯವರಿಗೆ ಆ ವಿದ್ಯೆ ಮೆಷಿನ್ನಿಲ್ಲದೆಯೇ ಬರುತ್ತದೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನ್ನ ಬಿಪಿ ಮಾತ್ರ ಮೇಲೇರಿ ಕೂತಿದೆ. ಉಪ್ಪು ಕಡಿಮೆ ಮಾಡು ಎಂದು ಬರೆಯಬೇಡ, ಇದು ಉಪ್ಪಿನಿಂದ ಬಂದದ್ದಲ್ಲ, ಆಫೀಸಿನಿಂದ ಬಂದದ್ದು.

ಆನರ್ಸ್ ಅಂದರೆ ಏನು ಎಂದು ನೀನು ಪ್ರತಿ ಸಲ ಕೇಳುತ್ತೀಯ, ನಾನು ಪ್ರತಿ ಸಲ ಹೇಳುತ್ತೇನೆ, ನೀನು ಮರೆಯುತ್ತೀಯ. ಇನ್ನೊಂದು ಸಲ ಕೇಳು. ಯೂನಿವರ್ಸಿಟಿಯ ಎಲ್ಲಾ ವಿಭಾಗಗಳಿಂದ ಪರೀಕ್ಷೆ ಮಾಡಿ ಆರಿಸಿದ ನೂರ ಹನ್ನೆರಡು ಮಕ್ಕಳು. ಅವರಿಗೆ ಬೇರೆ ಕಟ್ಟಡ, ಹೆಚ್ಚಿನ ಪಾಠ, ಕೊನೆಯ ವರ್ಷ ಸ್ವಂತ ಸಂಶೋಧನೆ, ಮೇಲಿನ ಎರಡು ಮಹಡಿಯಲ್ಲಿ ಇರಲು ಕೋಣೆ. ಎಲ್ಲರೂ ಅವರವರ ಶಾಲೆಯಲ್ಲಿ ಮೊದಲನೆಯವರಾಗಿದ್ದವರೇ. ಇಲ್ಲಿ ಬಂದ ಮೇಲೆ ಒಬ್ಬೊಬ್ಬರಿಗೂ ತಾನು ತಪ್ಪಿ ಒಳಗೆ ಬಂದೆನೇನೋ ಎಂಬ ಭಯ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾಮನ್ ರೂಮಿನಲ್ಲಿ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು, ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತಿರುತ್ತಾರೆ. ನಾನು ಅಲ್ಲಿ ಸೂಪರಿಂಟೆಂಡೆಂಟ್. ಅಂದರೆ ಫೈಲು, ಬೀಗದ ಕೈ, ಸೋರುವ ನಲ್ಲಿ, ಅಳುವ ಮಕ್ಕಳು, ಎಲ್ಲವೂ ನನ್ನ ಸುಪರ್ದಿ.

ಹೋದ ವರ್ಷ ಇಬ್ಬರು ಮಕ್ಕಳು ನಡುವೆಯೇ ಬಿಟ್ಟು ಹೋದರು. ಬಿಡುವ ಫಾರಂನಲ್ಲಿ 'ಕಾರಣ' ಎಂಬ ಕಡೆ ಒಬ್ಬ ಹೀಗೆ ಬರೆದಿದ್ದ: "ನಾನು ಇಲ್ಲಿದ್ದೇನೆ ಎಂದು ಯಾರಿಗೂ ಗೊತ್ತಿಲ್ಲ. ಹೋದರೂ ಗೊತ್ತಾಗುವುದಿಲ್ಲ." ಆ ಫಾರಂ ಮೇಲಿನವರ ತನಕವೂ ಹೋಯಿತು. ಮೇಲಿನಿಂದ ನಮ್ಮ ನಿರ್ದೇಶಕರಿಗೆ ಚೆನ್ನಾಗಿ ಬಿಸಿ ಮುಟ್ಟಿತು. ಈ ನಿರ್ದೇಶಕರನ್ನು ನಾವು ಆಫೀಸಿನಲ್ಲಿ ಚಾರ್ಟ್ ಸಾಹೇಬರು ಅನ್ನುತ್ತೇವೆ. ನಲ್ಲಿ ಸೋರುತ್ತಿದೆ ಎಂದು ಹೇಳಿದರೂ ಎಷ್ಟು ಹನಿ, ಯಾವ ಮಹಡಿ ಎಂದು ಚಾರ್ಟು ಮಾಡಿ ಗೋಡೆಗೆ ಹಾಕುವವರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಇಷ್ಟು ಕೋಪ ಬರುತ್ತಿರಲಿಲ್ಲ.

ಅವರು ಈ ವರ್ಷ 'ಬಾಂಧವ್ಯ ಕೂಟ' ಎಂದು ಶುರು ಮಾಡಿದರು. ವರ್ಷಕ್ಕೆ ಹತ್ತು ಕೂಟ. ಪ್ರತಿ ಮಗುವಿಗೂ ಒಂದು ಕಾರ್ಡು, ಅದರಲ್ಲಿ ಹತ್ತು ಚೌಕ. ಬಂದವರಿಗೆ ಬಾಗಿಲಲ್ಲೇ ಒಂದು ಸೀಲು. ಏಳು ಸೀಲಿಗಿಂತ ಕಡಿಮೆಯಾದರೆ ಆನರ್ಸ್ ಸೀಟು ಹೋಯಿತು, ಸೀಟಿನ ಜೊತೆ ಮೇಲಿನ ಕೋಣೆಯೂ ಹೋಯಿತು. ಒಂಟಿತನ ಹೋಗಲಾಡಿಸಲು ಹೊರಗೆ ಹಾಕುತ್ತೇನೆ ಎಂದು ಹೆದರಿಸುವ ಉಪಾಯ. ಸರ್ಕ್ಯುಲರ್ ಟೈಪು ಮಾಡುವಾಗಲೇ ನನಗೆ ನಗು ಬಂತು. ಆಗಲೇ ಸಿಟ್ಟು ಬರಬೇಕಿತ್ತು.

ಮೊದಲ ಕೂಟದ ದಿನ ಸೀಲು ಹಾಕಬೇಕಾದದ್ದು ನಮ್ಮ ಅಟೆಂಡರ್. ಬರುವ ವರ್ಷ ರಿಟೈರ್ ಆಗುವ ಮನುಷ್ಯ, ಅವತ್ತು ಕನ್ನಡಕ ಮರೆತು ಬಂದಿದ್ದ, ಚೌಕ ಬಿಟ್ಟು ಮಕ್ಕಳ ಬೆರಳಿಗೇ ಒತ್ತುತ್ತಿದ್ದ. ಕೂಟ ನಡೆಯುವ ಹಾಲ್‌ನ ಹೊರಗೆ ಕಂಬಕ್ಕೆ ಒರಗಿ ಒಬ್ಬಳು ಹುಡುಗಿ ನಿಂತಿದ್ದಳು. ಒಳಗೆ ಹೋಗಲು ಧೈರ್ಯವಿಲ್ಲ, ವಾಪಸು ಹೋಗಲೂ ಧೈರ್ಯವಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡಿದ್ದಳು. ರಸಾಯನಶಾಸ್ತ್ರದವಳು, ಎರಡನೇ ವರ್ಷ. ಅವಳ ಅಮ್ಮ ಬಟ್ಟೆ ಅಂಗಡಿಯಲ್ಲಿ ಅಳತೆ ತೆಗೆಯುವವಳು ಎಂದು ಆಮೇಲೆ ಗೊತ್ತಾಯಿತು.

"ಸುಮ್ನೆ ನಿಂತಿದ್ದೀಯಲ್ಲಮ್ಮ, ಬಾ, ಇಲ್ಲಿ ಕೂತ್ಕೊಂಡು ಸೀಲು ಹಾಕ್ತೀಯಾ?" ಎಂದೆ. ಅವಳ ಮುಖದಲ್ಲಿ ಬಂದ ನೆಮ್ಮದಿ ನೋಡಬೇಕಿತ್ತು ನೀನು. ಅವತ್ತಿನಿಂದ ಹತ್ತೂ ಕೂಟಕ್ಕೆ ಆ ಬಾಗಿಲ ಮೇಜು ಅವಳದ್ದೇ ಆಯಿತು. ಮಕ್ಕಳು ಅವಳಿಗೆ ಬಾಗಿಲಮ್ಮ ಎಂದು ಹೆಸರಿಟ್ಟರು.

ಈಗ ಒಳಗೆ ಏನಾಗುತ್ತಿತ್ತು ಕೇಳು. ಸಾಹೇಬರು ಪರದೆಯ ಮೇಲೆ ಬಾಂಧವ್ಯದ ಐದು ಹಂತಗಳನ್ನು ತೋರಿಸುತ್ತಿದ್ದರು. ಆಮೇಲೆ ಮಕ್ಕಳು ದುಂಡಗೆ ನಿಂತು ಒಂದು ಚೆಂಡು ಎಸೆಯಬೇಕು, ಚೆಂಡು ಸಿಕ್ಕವರು ತಮ್ಮ ಒಂದು ಒಳ್ಳೆಯ ಗುಣ ಹೇಳಬೇಕು. ಇಪ್ಪತ್ತು ವರ್ಷದ ಮಕ್ಕಳು, ಅಕ್ಕ. ಮುಖ ಕೆಳಗೆ ಹಾಕಿ "ನಾನು ಸಮಯಕ್ಕೆ ಸರಿಯಾಗಿ ಬರ್ತೀನಿ" ಎಂದು ಚೆಂಡನ್ನು ಬೇಗ ಬೇಗ ದಾಟಿಸುತ್ತಿದ್ದರು.

ನಿಜವಾದ ಕೂಟ ಬಾಗಿಲ ಹೊರಗೆ, ಸಾಲಿನಲ್ಲಿ ನಡೆಯುತ್ತಿತ್ತು. ಬಾಗಿಲಮ್ಮ ಸೀಲನ್ನು ಎತ್ತಿ ಹಿಡಿದು, ಒತ್ತದೆ, ಒಂದು ಪ್ರಶ್ನೆ ಕೇಳುತ್ತಿದ್ದಳು. "ಹಲ್ಲುನೋವು ಹೇಗಿದೆ?" "ಅಪ್ಪ ಫೋನ್ ಮಾಡಿದ್ರಾ?" ಉತ್ತರ ಬಂದ ಮೇಲೆಯೇ ಸೀಲು. ಮೂರನೇ ಕೂಟದ ಹೊತ್ತಿಗೆ ನೂರ ಹನ್ನೆರಡು ಹೆಸರೂ ಅವಳ ನಾಲಿಗೆಯ ಮೇಲಿತ್ತು. ಒಬ್ಬ ಹುಡುಗ, ಲೆಕ್ಕದ ವಿಭಾಗದವನು, ನನ್ನ ಹತ್ತಿರ ಎರಡು ವರ್ಷದಲ್ಲಿ ಎರಡು ಮಾತೂ ಆಡಿದವನಲ್ಲ. ಅವನಿಗೆ ಇವಳು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ: "ಅಲ್ಲಿ ಕಿಟಕಿ ಹತ್ರ ನಿಂತಿದ್ದಾನಲ್ಲ, ಅವನೂ ನಿನ್ನ ಹಾಗೇ ದಿನಾ ಒಬ್ಬನೇ ಊಟ ಮಾಡ್ತಾನೆ. ನಾಳೆ ಒಂದೂವರೆಗೆ ಅವನ ಎದುರು ಹೋಗಿ ಕೂತ್ಕೋ. ಮಾತಾಡ್ಬೇಕು ಅಂತೇನಿಲ್ಲ." ಅವನು ಹೋಗಿ ಕೂತ. ಈಗ ಆ ಮೇಜಿನಲ್ಲಿ ಒಂಬತ್ತು ಜನ ಕೂರುತ್ತಾರೆ, ಗಲಾಟೆ ತಡೆಯುವುದಕ್ಕಾಗುವುದಿಲ್ಲ ಎಂದು ಕ್ಯಾಂಟೀನಿನವನು ನನಗೆ ದೂರು ಕೊಟ್ಟಿದ್ದಾನೆ. ಪ್ರೀತಿಯಿಂದಲೇ ಕೊಟ್ಟ ದೂರು.

ಸಾಹೇಬರಿಗೆ ಕಂಡದ್ದು ಸಾಲು ನಿಧಾನವಾಯಿತು ಎಂಬುದು ಮಾತ್ರ. "ಒಂದು ಸೀಲು ಹಾಕೋಕೆ ಇಷ್ಟು ಹೊತ್ತಾ ಮೇಡಂ? ಆ ಹುಡುಗೀಗೆ ಸ್ವಲ್ಪ ಹೇಳಿ" ಎಂದರು. ನಾನು ಹೇಳಲಿಲ್ಲ.

ಎರಡನೇ ಕೂಟದಲ್ಲಿ ಒಂದು ತರಲೆ ಆಯಿತು. ಟೀ ಹೊತ್ತಿನಲ್ಲಿ ಮೇಜಿನ ಮೇಲಿದ್ದ ಸೀಲನ್ನು ಯಾರೋ ಎತ್ತಿಕೊಂಡು ತಮ್ಮ ಕಾರ್ಡಿನ ಹತ್ತೂ ಚೌಕಕ್ಕೆ ಒಂದೇ ಸಲ ಒತ್ತಿಕೊಂಡರು. ಮಾರನೇ ದಿನವೇ ಸರ್ಕ್ಯುಲರ್ ಬಂತು. ಸೀಲು ಬಾಗಿಲಲ್ಲಿ ಕೂತವರ ಕೈಯಲ್ಲೇ ಇರಬೇಕು, ಯಾರೂ ತಮ್ಮ ಕಾರ್ಡಿಗೆ ತಾವೇ ಸೀಲು ಹಾಕಿಕೊಳ್ಳುವಂತಿಲ್ಲ, ಹಾಕಿಕೊಂಡರೆ ಶಿಸ್ತುಕ್ರಮ. ಬಾಗಿಲಮ್ಮ ಅದನ್ನು ಓದಿ ನನ್ನ ಹತ್ತಿರ ಬಂದಳು.

"ಮೇಡಂ, ಹಾಗಾದ್ರೆ ನನ್ನ ಕಾರ್ಡು? ಇನ್ನೂ ಖಾಲಿನೇ ಇದೆ."

"ಕೊನೇಲಿ ಎಲ್ಲಾ ಸೇರಿಸಿ ನೋಡೋಣ ಬಿಡು" ಎಂದೆ. ನಮ್ಮ ಆಫೀಸಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಆಡುವ ಮಾತು ಇದು, ಅಕ್ಕ. ಆಡಿದವರೂ ಮರೆಯುತ್ತಾರೆ, ಕೇಳಿದವರು ಮಾತ್ರ ನಂಬಿಕೊಂಡು ಹೋಗುತ್ತಾರೆ.

ನೀನು ಈಗಾಗಲೇ ಊಹಿಸಿರುತ್ತೀಯ. ವರ್ಷದ ಕೊನೆಗೆ ಕಾರ್ಡುಗಳ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಯಿತು. ಕಂಪ್ಯೂಟರು ಮೂರು ಹೆಸರು ಉಗುಳಿತು. ಇಬ್ಬರು ನಿಜವಾಗಿಯೂ ಬಾರದವರು. ಮೂರನೆಯದು ಬಾಗಿಲಮ್ಮನ ಹೆಸರು. ಹತ್ತು ಚೌಕವೂ ಖಾಲಿ.

ಆನರ್ಸ್ ಸಮಿತಿಯ ಸಭೆಯಲ್ಲಿ ಎರಡು ನಿಮಿಷಕ್ಕೆ ಈ ವಿಷಯ ಮುಗಿಯಿತಂತೆ. "ಈ ಮೂರನೇ ಹುಡುಗಿಗೆ ಒಂದು ಸೀಲೂ ಇಲ್ಲ. ಇಡೀ ವರ್ಷ ಒಂದು ಸಲಾನೂ ಬಂದಿಲ್ಲ. ಇವಳು ಯಾರು ಅಂತ ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ?" ಎಂದು ಸಾಹೇಬರು ಕೇಳಿದರಂತೆ. ಯಾರೂ ಮಾತಾಡಲಿಲ್ಲವಂತೆ. ಐದು ಜನ ಇದ್ದರು ಆ ಮೇಜಿನ ಸುತ್ತ. ಐದು ಜನವೂ ಹತ್ತು ಕೂಟಕ್ಕೂ ಆ ಬಾಗಿಲು ದಾಟಿಯೇ ಒಳಗೆ ಹೋದವರು. ಕುಡಿದ ಟೀ ಲೋಟವನ್ನು ಅವಳ ಮೇಜಿನ ಮೇಲೇ ಇಟ್ಟವರು. ಒಬ್ಬರು ಮಹಾನುಭಾವರು ಒಂದು ದಿನ ತಮ್ಮ ಒದ್ದೆ ಛತ್ರಿಯನ್ನೂ ಅವಳ ಕೈಗೇ ಕೊಟ್ಟು ಹೋಗಿದ್ದರು. ಅವಳ ಹೆಸರು ಗೊತ್ತಿಲ್ಲದಿದ್ದರೆ ಹೋಗಲಿ, ಮುಖವಾದರೂ ನೆನಪಿರಬೇಡವೇ? ಐದು ಜನರಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

(ಹಾಲು ಉಕ್ಕಿತು, ಎದ್ದು ಹೋಗಿ ಬಂದೆ. ನಮ್ಮನೆಯವರು ಒಲೆಯ ಪಕ್ಕದಲ್ಲೇ ನಿಂತು ಪೇಪರು ಓದುತ್ತಿದ್ದಾರೆ. ಕೇಳಿದರೆ "ನನಗೆ ಹೇಳಿರಲಿಲ್ಲವಲ್ಲ" ಅನ್ನುತ್ತಾರೆ.)

ಅವತ್ತು ಸಂಜೆಯೊಳಗೇ ಪತ್ರ ಹೋಯಿತು. ಮಾರನೇ ದಿನ ಬೆಳಿಗ್ಗೆ ಅವಳು ಆ ಪತ್ರ ಹಿಡಿದು ನನ್ನ ಮೇಜಿನ ಮುಂದೆ ನಿಂತಳು. ಅಳಲಿಲ್ಲ. "ಮೇಡಂ, ಏನೋ ತಪ್ಪಾಗಿರಬೇಕು ಅಲ್ವಾ?" ಎಂದಳು. ನಾನು ಅವಳನ್ನು ಕೂರಿಸಿ ನೀರು ಕೊಟ್ಟು ಸೀದಾ ಸಾಹೇಬರ ಕೋಣೆಗೆ ನುಗ್ಗಿದೆ. ಬಾಗಿಲು ತಟ್ಟಲೂ ಇಲ್ಲ.

"ಸರ್, ಬಂದವರಿಗೆಲ್ಲ ಸೀಲು ಹಾಕಿದವಳು ಇವಳು. ಇವಳೇ ಬಂದಿಲ್ಲ ಅಂದ್ರೆ ಆ ಸೀಲುಗಳನ್ನ ದೆವ್ವ ಹಾಕಿತಾ?"

ಅವರು ಕುರ್ಚಿಗೆ ಒರಗಿ ನಿಧಾನವಾಗಿ ಯೋಚಿಸಿದರು. ಯೋಚಿಸಿ ಹೇಳಿದ್ದೇನು ಗೊತ್ತೇ? "ಅವಳು ಸೇವೆ ಮಾಡಿದ್ದಾಳೆ ಮೇಡಂ, ಭಾಗವಹಿಸಿಲ್ಲ. ಎರಡೂ ಬೇರೆ. ಚೆಂಡಿನ ಆಟದಲ್ಲಿ ಒಂದು ಸಲವಾದ್ರೂ ನಿಂತಿದ್ದಾಳಾ? ಸೇವೆಗೆ ಬೇಕಾದ್ರೆ ಒಂದು ಪ್ರಶಂಸಾಪತ್ರ ಕೊಡೋಣ, ಟೈಪ್ ಮಾಡಿಸಿ." ತಮಾಷೆಗೆ ಹೇಳಿದ್ದಲ್ಲ. ಪ್ರಶಂಸಾಪತ್ರಕ್ಕೆ ಸಹಿಯೂ ಬಿತ್ತು. ಒಂದೇ ವಾರದಲ್ಲಿ ಆ ಮಗುವಿಗೆ ಎರಡು ಕಾಗದ: ಒಂದರಲ್ಲಿ ನೀನು ನಮ್ಮ ಬಾಂಧವ್ಯದ ಕಣ್ಮಣಿ, ಇನ್ನೊಂದರಲ್ಲಿ ಹದಿನೈದು ದಿನದಲ್ಲಿ ಕೋಣೆ ಖಾಲಿ ಮಾಡು. ಎರಡನ್ನೂ ಟೈಪು ಮಾಡಿದ್ದು ಈ ಕೈ.

ನಮ್ಮ ಅಟೆಂಡರ್ ಅದನ್ನು ಕೇಳಿ ಟ್ರೇ ಕೆಳಗಿಟ್ಟ. "ಬಡಿಸಿದವಳನ್ನೇ ಊಟಕ್ಕೆ ಬಂದಿಲ್ಲ ಅಂದ್ರೆ ಹೇಗೆ ಮೇಡಂ?" ಎಂದ. ಡಾಕ್ಟರೇಟು ಮಾಡಿದವರ ತಲೆಗೆ ಹೊಳೆಯದ್ದು ಅವನಿಗೆ ಹೊಳೆಯಿತು.

ಮಕ್ಕಳು ಸುಮ್ಮನಿರಲಿಲ್ಲ. ನೂರ ಒಂಬತ್ತು ಜನ ತಮ್ಮ ತಮ್ಮ ಕಾರ್ಡಿನ ಹಿಂದೆ "ಇದರಲ್ಲಿರುವ ಸೀಲುಗಳನ್ನು ಹಾಕಿದ್ದು ಅವಳೇ" ಎಂದು ಬರೆದು ಸಹಿ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ ಸಾಹೇಬರ ಮೇಜಿನ ಮೇಲೆ ತಂದಿಟ್ಟರು. ಮುಂದೆ ನಿಂತು ಮಾತಾಡಿದವನು ಆ ಲೆಕ್ಕದ ಹುಡುಗ. ಬಾಯೇ ಇಲ್ಲ ಎಂದುಕೊಂಡಿದ್ದೆವಲ್ಲ, ಅವನು. "ಸರ್, ನೀವು ವರ್ಷವೆಲ್ಲಾ ಪರದೆ ಮೇಲೆ ತೋರಿಸಿದ್ದನ್ನ ಅವಳು ಬಾಗಿಲಲ್ಲಿ ಮಾಡಿದ್ದಾಳೆ. ಅವಳು ಹೋದ್ರೆ ನಮಗೆ ಈ ಕೂಟ ಬೇಡ" ಎಂದ. ಸಾಹೇಬರು ಕಾರ್ಡುಗಳನ್ನು ತಿರುವಿ ನೋಡಿ, "ಇದು ಸೀಲು ಬಿದ್ದಿದೆ ಅನ್ನೋದಕ್ಕೆ ಸಾಕ್ಷಿ, ಅವಳೇ ಒತ್ತಿದ್ದು ಅನ್ನೋದಕ್ಕಲ್ಲ. ಸ್ನೇಹಿತರ ಮಾತನ್ನ ಸಾಕ್ಷಿ ಅಂತ ತಗೊಳ್ಳೋಕಾಗಲ್ಲ" ಎಂದರು. ಈ ಮಕ್ಕಳು ಸ್ನೇಹಿತರಾಗಲಿ ಎಂದಲ್ಲವೇ ಇಡೀ ವರ್ಷ ಇಷ್ಟೆಲ್ಲ ಕುಣಿದಾಡಿದ್ದು? ಈಗ ಸ್ನೇಹಿತರಾದದ್ದೇ ತಪ್ಪಾಯಿತು.

ಅವಳು ಕುಲಸಚಿವರಿಗೆ ಮನವಿ ಕೊಟ್ಟಳು. ನಾಲ್ಕು ದಿನಕ್ಕೇ ಉತ್ತರ ಬಂತು. ಸಭೆಯ ನಡಾವಳಿಯನ್ನು ತರಿಸಿ ನೋಡಲಾಗಿದೆ, ಸಮಿತಿಯಲ್ಲಿದ್ದ ಯಾರಿಗೂ ಈ ವಿದ್ಯಾರ್ಥಿನಿಯ ಪರಿಚಯವೇ ಇಲ್ಲ ಎಂದು ಅದರಲ್ಲಿ ದಾಖಲಾಗಿದೆ, ಹತ್ತು ಕೂಟಕ್ಕೂ ಬಂದಿದ್ದರೆ ಒಬ್ಬರಿಗಾದರೂ ಪರಿಚಯ ಇರುತ್ತಿತ್ತು, ಆದ್ದರಿಂದ ಮನವಿ ತಿರಸ್ಕೃತ. ಆನರ್ಸ್ ಸಿಬ್ಬಂದಿಯಲ್ಲೇ ಯಾರಾದರೂ ಹೊಸ ಸಾಕ್ಷಿ ಕೊಡುವುದಿದ್ದರೆ ಇಪ್ಪತ್ತನೇ ತಾರೀಖಿನೊಳಗೆ ಬರವಣಿಗೆಯಲ್ಲಿ ಕೊಡಬಹುದು. ಇಷ್ಟೇ. ನಡಾವಳಿಯ ಒಂದೇ ಒಂದು ಸಾಲಿನ ಮೇಲೆ ಒಂದು ಮಗುವಿನ ಸೀಟು ಹೋಯಿತು. ನೂರ ಒಂಬತ್ತು ಸಹಿಗಿಂತ ಆ ಸಾಲು ದೊಡ್ಡದಾಯಿತು.

ನಿನ್ನೆ ಅವಳು ಕೋಣೆ ಖಾಲಿ ಮಾಡಿದಳು. ಎರಡು ಚೀಲ, ಒಂದು ರಟ್ಟಿನ ಡಬ್ಬಿ ತುಂಬ ಪುಸ್ತಕ. ಹಿಡಿದುಕೊಳ್ಳಲು ಸಾಮಾನು ಸಾಲದಷ್ಟು ಜನ ಬಂದಿದ್ದರು, ಒಂದು ದಿಂಬನ್ನು ಇಬ್ಬರು ಹಿಡಿದುಕೊಂಡಿದ್ದರು. ಅವಳ ಅಮ್ಮ ಬಂದಿದ್ದಳು, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು, ಅಂಗಡಿಯಿಂದ ಸೀದಾ ಓಡಿ ಬಂದಿದ್ದಾಳೆ. "ನನ್ನ ಮಗಳು ಏನು ತಪ್ಪು ಮಾಡಿದ್ಲು ಅಂತ ಒಂದು ಮಾತು ಹೇಳಿ ಸಾಕು ಮೇಡಂ, ನಾನು ತಿದ್ದುತೀನಿ" ಎಂದು ನನ್ನನ್ನು ಕೇಳಿದಳು. ಏನೂ ಮಾಡಿಲ್ಲಮ್ಮ ಎಂದೆ. ಏನೂ ಮಾಡದೆ ಯಾಕೆ ಕಳಿಸುತ್ತಾರೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಯಾರಿಗೆ ತಾನೇ ಅರ್ಥವಾಗುತ್ತದೆ?

ಅಕ್ಕ, ಇಷ್ಟು ಬರೆದರೂ ಸಿಟ್ಟು ಇಳಿಯಲಿಲ್ಲ. "ನೀನ್ಯಾಕೆ ಇದನ್ನ ಮೈಮೇಲೆ ಹಾಕ್ಕೊಳ್ತೀಯ" ಎಂದು ನಮ್ಮನೆಯವರು ಕೇಳುತ್ತಾರೆ. ನೀನಾದರೂ ಹಾಗೆ ಕೇಳಬೇಡ.

ನಿನ್ನ ಮಂಡಿಗೆ ಆ ಎಣ್ಣೆ ಬಿಡದೆ ಹಚ್ಚು, ಬೇರೆಯವರಿಗೆ ಹೇಳಿದ್ದನ್ನು ನೀನೂ ಸ್ವಲ್ಪ ಕೇಳು. ಮೊಮ್ಮಗಳು ಸ್ಕೂಲಿಗೆ ಹೋಗುವಾಗ ಅಳುವುದನ್ನು ನಿಲ್ಲಿಸಿದಳೇ? ಅವಳಿಗೆ ನನ್ನ ಆಶೀರ್ವಾದ, ಚೆನ್ನಾಗಿ ಜಗಳವಾಡುವಷ್ಟು ಜನ ಗೆಳತಿಯರು ಸಿಗಲಿ. ಭಾವನಿಗೆ ಜೋರಾಗಿ ಒಂದು ನಮಸ್ಕಾರ ಹೇಳು. ನಿನ್ನ ಕೈಯನ್ನು ನನ್ನ ತಲೆಯ ಮೇಲೆ ಇಡು, ಈಗ ಅದು ಬೇಕಾಗಿದೆ.

ನಿನ್ನ ತಂಗಿ,
ಪುಟ್ಟಿ

ಮರೆತ ಮಾತು: ಮರೆತದ್ದಲ್ಲ ಅಕ್ಕ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಸಭೆಯ ಸಂಗತಿಯನ್ನು ಯಾರೋ ಹೇಳಿ ಕೇಳಿದ ಹಾಗೆ ಬರೆದೆ. ಆ ಐದು ಜನರಲ್ಲಿ ಐದನೆಯವಳು ನಾನು.

ಇಷ್ಟು ವರ್ಷ ನಾನು ಗೋಡೆಯ ಪಕ್ಕದ ಸ್ಟೂಲಿನಲ್ಲಿ ಕೂತು ನಡಾವಳಿ ಬರೆಯುತ್ತಿದ್ದೆ. ಅವತ್ತು ಮೊದಲ ಸಲ ನನ್ನನ್ನೂ ಸದಸ್ಯೆ ಮಾಡಿ ಮೇಜಿಗೆ ಕರೆದರು. ಕೈ ಇರುವ ಕುರ್ಚಿ. ಪಕ್ಕದಲ್ಲಿದ್ದ ಪ್ರೊಫೆಸರ್ ಬಿಸ್ಕತ್ತಿನ ತಟ್ಟೆ ನನ್ನ ಕಡೆ ಸರಿಸಿ "ತಗೊಳ್ಳಿ, ಇನ್ಮೇಲೆ ನೀವೂ ನಮ್ಮವರೇ" ಎಂದರು. ಬಿಸ್ಕತ್ತು ಬಾಯಲ್ಲಿರುವಾಗಲೇ ಆ ಪ್ರಶ್ನೆ ಬಂತು. ಮೊದಲ ದಿನವೇ ಅಡ್ಡ ಮಾತಾಡಿದರೆ ಏನಂದುಕೊಳ್ಳುತ್ತಾರೋ, ಆಮೇಲೆ ಸಾಹೇಬರಿಗೆ ಒಬ್ಬರಿಗೇ ಹೇಳಿದರಾಯಿತು ಎಂದುಕೊಂಡೆ. ಕುಲಸಚಿವರು ಹಿಡಿದುಕೊಂಡ ಆ ಸಾಲು, "ಯಾರಿಗೂ ಪರಿಚಯವಿಲ್ಲ" ಎಂಬುದು, ನನ್ನ ಕೈಬರಹ. ಸಾಹೇಬರ ಕೋಣೆಗೆ ನುಗ್ಗಿದ ದಿನ ಅವರು ಇನ್ನೊಂದು ಮಾತೂ ಹೇಳಿದ್ದರು, ಅದನ್ನು ಮೇಲೆ ಬರೆಯಲಿಲ್ಲ: "ಕೇಳಿದಾಗ ನೀವೂ ಅಲ್ಲೇ ಇದ್ರಲ್ಲ ಮೇಡಂ."

ಇಪ್ಪತ್ತನೇ ತಾರೀಖಿಗೆ ಇನ್ನು ಆರು ದಿನ ಇದೆ. ಕುಲಸಚಿವರಿಗೆ ಒಂದು ಪುಟ ಬರೆದರೆ ಮುಗಿಯಿತು. ನಾನು ನಿನಗೆ ಎಂಟು ಪುಟ ಬರೆದು ಕೂತಿದ್ದೇನೆ.

ನಿನ್ನೆ ಹೊರಡುವಾಗ ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಆ ಸಭೇಲಿ ನಿಮ್ಮಂಥವರು ಒಬ್ಬರಾದ್ರೂ ಇದ್ದಿದ್ರೆ ಹೀಗಾಗ್ತಿರಲಿಲ್ಲ ಮೇಡಂ" ಎಂದಳು. ನಾನು ಹೌದಮ್ಮ ಎಂದೆ.